ನಾನೇ ಮಾಡಿದ ಮಂಡಿಪಟ್ಟಿ

ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಮೂಳೆ ವಿಭಾಗದ ಪ್ರೊಫೆಸರ್. ಮಂಡಿ ನೋವಿನವರಿಗೆಂದು ಹೊಸ ಬಗೆಯ ಪಟ್ಟಿಯೊಂದನ್ನು ರೂಪಿಸಿದ್ದೆ. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವ ಹಳೆಯ ಗೆಳೆಯ ಅದನ್ನು ತಯಾರಿಸಿದ. ಇಬ್ಬರೂ ಸೇರಿ ಕಂಪನಿ ತೆರೆದೆವು. ಅರ್ಧ ಪಾಲು ನನ್ನದು. ನನ್ನ ರೋಗಿಗಳಿಗೆ ನಾನೇ ಪಟ್ಟಿ ಕಟ್ಟುತ್ತಿದ್ದೆ, ನೋವು ಹೇಗಿದೆಯೆಂದು ನಾನೇ ಕೇಳುತ್ತಿದ್ದೆ. ಎಲ್ಲರೂ "ಕಮ್ಮಿ ಆಗಿದೆ ಸಾರ್" ಎನ್ನುತ್ತಿದ್ದರು. ನಾನಿಲ್ಲದ ಕಾಲದಲ್ಲಿ ಜನ ಹೇಗೆ ನಡೆಯುತ್ತಿದ್ದರೋ ಎಂದು ಮರುಕವಾಗುತ್ತಿತ್ತು.

ಇದನ್ನು ಸರಿಯಾದ ಅಧ್ಯಯನವಾಗಿ ನಡೆಸಲು ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಬೇಕಿತ್ತು. ಅದರಲ್ಲಿ ನಾನೂ ಸದಸ್ಯ. ಔಷಧ ಕಂಪನಿಗಳ ಜೊತೆ ನಂಟಿದ್ದ ಸಹೋದ್ಯೋಗಿಗಳಿಗೆ ಉಪದೇಶ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ನನ್ನ ಅರ್ಜಿ ಬಂದಾಗ ಅಧ್ಯಕ್ಷೆ, "ಸಾರ್, ಸ್ವಲ್ಪ ಹೊರಗಡೆ ಕೂತ್ಕೋತೀರಾ?" ಎಂದರು. ಯಾರಿಗೆ ಹೇಳುತ್ತಿದ್ದಾರೆಂದು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅರ್ಧ ತಿಂದ ಬಿಸ್ಕತ್ತನ್ನು ಕೈಯಲ್ಲೇ ಹಿಡಿದು ಹೊರಬಂದೆ.

ಒಪ್ಪಿಗೆ ಸಿಕ್ಕಿತು. ಆದರೆ ರೋಗಿಗಳನ್ನು ಆರಿಸಿ ಮಾತಾಡಿಸುವ ಕೆಲಸ ಬೇರೆ ವಿಭಾಗದ ವೈದ್ಯೆಗೆ ಹೋಯಿತು. ನಾನು ಆ ಕಡೆ ಸುಳಿಯುವಂತಿರಲಿಲ್ಲ. ಸುಳಿದೆ. ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ನೋಡುವ ನೆಪ ಮಾಡಿ ನಿಂತಾಗ ಪರದೆಯಾಚೆ ನನ್ನ ರೋಗಿಯೊಬ್ಬರ ದನಿ ಕೇಳಿಸಿತು. ಅವರು ಸಿಂಗಸಂದ್ರದಲ್ಲಿ ಬಾಡಿಗೆ ಮನೆಗಳಿರುವ ಹಿರಿಯಾಕೆ.

"ಮಂಡಿ ಇಂದ್ಗಡೆ ಉಜ್ತದೆ ಕಣವ್ವ. ಮನೆಗೋದ ತಕ್ಷಣ ಬಿಚ್ಚಾಕ್ಬುಡ್ತೀನಿ."

"ಮತ್ತೆ ಸಾರ್ ಹತ್ರ ಚೆನ್ನಾಗಿದೆ ಅಂದಿದ್ರಂತೆ?" ಎಂದರು ವೈದ್ಯೆ.

"ಅವ್ರೇ ಮಾಡಿರಾದಂತೆ. ಆಸೆಯಿಂದ ನಮ್ ಮುಖಾನೇ ನೋಡ್ತಾ ಕೂತಿರ್ತಾರೆ. ಎಂಗವ್ವ ಏಳಾದು?"

ಆ ಸಂಜೆಯೇ ಪೀಣ್ಯಕ್ಕೆ ಹೋದೆ. "ನೀನ್ಯಾವತ್ತಾದ್ರೂ ಹಾಕ್ಕೊಂಡು ನೋಡಿದೀಯೇನೋ?" ಎಂದು ಗೆಳೆಯನನ್ನು ಕೇಳಿದೆ.

"ಹಾಕ್ಕೊಂಡಿದ್ದೆ. ಉಜ್ತು."

"ಹೇಳ್ಬಾರ್ದಿತ್ತಾ?"

"ಪೇಷಂಟ್‌ಗಳೆಲ್ಲ ಹೊಗಳ್ತಿದಾರೆ ಅಂತ ನೀನೇ ಹೇಳ್ತಿದ್ಯಲ್ಲೋ. ನನ್ ಮಂಡೀಲೇ ಏನೋ ಐಬಿದೆ ಅನ್ಕೊಂಡೆ."

ಅಂಗಡಿಯಲ್ಲಿ ಸಿಗುವ ಮಾಮೂಲಿ ಪಟ್ಟಿಗಿಂತ ನಮ್ಮದು ಹೆಚ್ಚೇನಲ್ಲ ಎಂದು ಅಧ್ಯಯನದಲ್ಲಿ ತಿಳಿಯಿತು. ವೈದ್ಯೆ ಅದನ್ನು ನನಗೆ, ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದರು. ಕಂಪನಿಯಲ್ಲಿನ ನನ್ನ ಪಾಲನ್ನು ಗೆಳೆಯನಿಗೆ ಬಿಟ್ಟುಕೊಟ್ಟೆ. ತ್ಯಾಗವೆಂದು ಹೇಳಿಕೊಳ್ಳಬಹುದಿತ್ತು, ಆದರೆ ಆ ಪಾಲನ್ನು ಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ಅವನೀಗ ಹಿಂಬದಿಗೆ ಮೆತ್ತನೆಯ ಬಟ್ಟೆ ಕೊಟ್ಟು ಹೊಸದೊಂದನ್ನು ಹೊಲಿಸುತ್ತಿದ್ದಾನೆ. ಅದರ ಪರೀಕ್ಷೆಯೂ ಆ ವೈದ್ಯೆಯದೇ. ಕಾರಿಡಾರಿನಲ್ಲಿ ಆ ಹಿರಿಯಾಕೆ ಸಿಕ್ಕರೆ ಮೊಮ್ಮಕ್ಕಳನ್ನು ವಿಚಾರಿಸುತ್ತೇನೆ. ಕಾಲಿನ ಕಡೆ ಕಣ್ಣು ಹೋಗುತ್ತದೆ, ಪಟ್ಟಿಯ ಬಗ್ಗೆ ಬಾಯಿ ಮಾತ್ರ ಬಿಡುವುದಿಲ್ಲ.