ಹೆಬ್ಬಲಸಿನ ಮರದ ಮಂಗಟ್ಟೆ

ಬ್ಯಾಂಕಿನವನಿಗೆ ಹಕ್ಕಿ ನೋಡುವ ಹುಚ್ಚು ಇರಬಾರದು. ಇದ್ದರೂ ಊರಿಗೆ ಗೊತ್ತಾಗಬಾರದು. ನಾನು ಬಂಟ್ವಾಳದಲ್ಲಿ ಗುಮಾಸ್ತನಾಗಿದ್ದಾಗ ನದಿಯ ದಡದಲ್ಲಿ ದುರ್ಬೀನು ಹಿಡಿದು ನಿಂತದ್ದನ್ನು ಕಂಡ ಅಡಿಕೆ ವ್ಯಾಪಾರಿಯೊಬ್ಬರು ನಮ್ಮ ಏಜೆಂಟರ ಹತ್ತಿರ ದೂರು ಹೇಳಿದ್ದರು. ಶಾಖೆಯ ಮುಖ್ಯಸ್ಥರನ್ನು ಆಗೆಲ್ಲ ಏಜೆಂಟ್ ಎನ್ನುತ್ತಿದ್ದರು. ಅವರು ನನ್ನನ್ನು ಒಳಗೆ ಕರೆದು, "ಮಾರಾಯಾ, ತಲೆ ಸರಿಯಿಲ್ಲದವನ ಕೈಯಲ್ಲಿ ಯಾರು ದುಡ್ಡು ಕೊಡ್ತಾರೆ? ನೋಡುವುದಾದರೆ ಗಿರಾಕಿಗಳು ಇಲ್ಲದ ಕಡೆ ಹೋಗಿ ನೋಡು" ಎಂದರು. ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಎಷ್ಟೋ ವರ್ಷ ಹಕ್ಕಿ ನೋಡಿದೆ, ಒಂದು ನರಪಿಳ್ಳೆಯ ಜೊತೆಗೂ ಆ ಬಗ್ಗೆ ಮಾತಾಡಲಿಲ್ಲ. ಅದೂ ಒಂದು ಬದುಕೇ?

ನನಗಿದ್ದ ಆಸೆ ಒಂದೇ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಮರಿ ಗೂಡಿನಿಂದ ಹೊರಗೆ ಬರುವುದನ್ನು ಕಣ್ಣಾರೆ ನೋಡಬೇಕು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು ಪೊಟರೆಯ ಬಾಯಿಯನ್ನು ಒಳಗಿನಿಂದ ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗಿರುವಾಗ ಅದರ ರೆಕ್ಕೆಯ ಗರಿಗಳು ಉದುರುತ್ತವೆ, ಹಾರಲಾರದು. ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತಿರಬೇಕು. ಬೆಳ್ತಂಗಡಿಯಲ್ಲಿ ಒಂದು ಗೂಡು ಕಂಡಿದ್ದೆ. ಒಳಗಿನಿಂದ ಮರಿಗಳ ಸ್ವರ ಕೇಳಲು ಶುರುವಾಗುವಷ್ಟರಲ್ಲಿ ನನಗೆ ವರ್ಗವಾಯಿತು. ಅದು ಗೂಡು ಕಟ್ಟುವುದೂ ಬೇಸಗೆಯಲ್ಲಿ, ಬ್ಯಾಂಕು ನನ್ನನ್ನು ಎತ್ತಿ ಹಾಕುವುದೂ ಬೇಸಗೆಯಲ್ಲಿ.

ಅರವತ್ತರ ದಶಕದ ನಡುವೆ ನಾನೇ ಏಜೆಂಟನಾಗಿ ಮೂಡಬಿದಿರೆಗೆ ಬಂದೆ. ಇನ್ನು ಅಲೆದಾಟ ಸಾಕೆಂದು ಸಣ್ಣದೊಂದು ಜಾಗ ತೆಗೆದುಕೊಂಡು ಮನೆಗೆ ಅಡಿಪಾಯ ಹಾಕಿಸಿದೆ. ಅದೇ ವರ್ಷ ಸಿದ್ಧಕಟ್ಟೆಯ ಕಡೆಯ ಒಂದು ಗುಡ್ಡೆಯಲ್ಲಿ ಗೂಡು ಸಿಕ್ಕಿತು. ಹಳೆಯ ಹೆಬ್ಬಲಸಿನ ಮರ, ಎತ್ತರದಲ್ಲಿ ಪೊಟರೆ. ಗುಡ್ಡೆ ನಮ್ಮ ಗಿರಾಕಿಯಾಗಿದ್ದ ಒಬ್ಬ ಜಮೀನ್ದಾರರದ್ದು, ಗುತ್ತಿನ ಮನೆಯ ಯಜಮಾನರದ್ದು. ಪ್ರತಿ ಆದಿತ್ಯವಾರ ಬಸ್ಸಿಳಿದು ನಡೆದು ಹೋಗಿ ಪೊದೆಯ ಮರೆಯಲ್ಲಿ ಕೂರುತ್ತಿದ್ದೆ. ಗಂಡು ಗೋಳಿ ಹಣ್ಣು ತರುವುದನ್ನು ನೋಡುವಾಗ ಸಾಲ, ಠೇವಣಿ, ಹೆಡ್ಡಾಫೀಸಿನ ಬೈಗುಳ ಯಾವುದೂ ನೆನಪಿಗೆ ಬರುತ್ತಿರಲಿಲ್ಲ.

ಒಂದು ದಿನ ಯಜಮಾನರು ಹಿಂದಿನಿಂದ ಬಂದರು. "ಎಂಥ ಏಜೆಂಟ್ರೇ, ವಾರ ವಾರ ಬಂದು ನೋಡ್ತೀರಂತೆ?"

"ಹೀಗೇ, ಮರ ನೋಡ್ತಿದ್ದೆ. ಒಳ್ಳೆ ಮರ ಉಂಟು ನಿಮ್ಮದು" ಎಂದೆ.

ಅವರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕರು. ಮನೆಗೆ ಕರೆದುಕೊಂಡು ಹೋಗಿ ಬೊಂಡ ಕೆತ್ತಿಸಿ ನೀರು ಕುಡಿಸಿದರು. ನಮ್ಮ ಕಡೆ ದೊಡ್ಡವರು ಬೇಕಾದದ್ದನ್ನು ಬಾಯಿ ಬಿಟ್ಟು ಕೇಳುವುದಿಲ್ಲ. ಇನ್ನೊಬ್ಬರ ಅಂಗಳದಲ್ಲಿ ನಿಂತು ಹಲಸು ಚೆನ್ನಾಗಿ ಬಂದಿದೆ ಎಂದರೆ ಸಾಕು, ಸಂಜೆಯೊಳಗೆ ಹಲಸು ಮನೆಗೆ ಬರುತ್ತದೆ. ನಾನೋ ಮನೆ ಕಟ್ಟಿಸುತ್ತಿದ್ದವನು. ಬಾಗಿಲಿಗೂ ದಾರಂದದ ಚೌಕಟ್ಟಿಗೂ ಹೆಬ್ಬಲಸಿಗಿಂತ ಒಳ್ಳೆಯ ಮರ ಇಲ್ಲವೆಂದು ಊರಿಗೆಲ್ಲ ಗೊತ್ತು. ನನ್ನ ತಲೆಯಲ್ಲಿ ಮಾತ್ರ ಪೊಟರೆಯ ಹೊರತು ಬೇರೇನೂ ಇರಲಿಲ್ಲ.

ಹೆಡ್ಡಾಫೀಸಿನ ತನಿಖೆಯವರು ಬಂದು ಎರಡು ಆದಿತ್ಯವಾರ ಹೋಗಲಾಗಲಿಲ್ಲ. ಮೂರನೆಯದಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಎತ್ತಿನ ಗಾಡಿಯೊಂದು ಅಂಗಳಕ್ಕೆ ಬಂತು. ಅದರ ತುಂಬ ಹಸಿ ಹಲಗೆ. ಹಿಂದೆಯೇ ಯಜಮಾನರು. ಹೆಬ್ಬಲಸಿನ ಆ ಹಳದಿ ಬಣ್ಣ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಹಾಕಿಕೊಂಡ ಚಪ್ಪಲಿ ಕಳಚಿ ಜಗಲಿಯಲ್ಲಿ ಕುಳಿತೆ.

ಅಮ್ಮ ಕಾಲೆಳೆಯುತ್ತ ಕಾಫಿ ತಂದಳು. ಯಜಮಾನರು ಬೇಡ ಬೇಡ ಎಂದು, ಎರಡು ಲೋಟ ಕುಡಿದರು. ಆಮೇಲೆ ಚೀಲದಿಂದ ಸಣ್ಣ ಕುಪ್ಪಿ ತೆಗೆದರು.

"ಅಮ್ಮನಿಗೆ ಗಂಟು ನೋವು ಅಂತ ಕೇಳಿದ್ದೆ. ಪೊಟರೆಯಲ್ಲಿ ಮಂಗಟ್ಟೆ ಇತ್ತು ಮಾರಾಯ್ರೆ. ಹಾರ್ಲಿಕ್ಕೆ ಗರಿಯೇ ಇಲ್ಲ. ಆಳುಗಳು ಕೈಯಲ್ಲೇ ಹಿಡಿದ್ರು. ಎಣ್ಣೆ ತೆಗೆಸಿದೆ. ನೋವಿಗೆ ಇದಕ್ಕಿಂತ ಮದ್ದಿಲ್ಲ."

"ಮರಿ?"

"ಎರಡಿತ್ತು. ಅದರಲ್ಲಿ ಎಂಥ ಉಂಟು, ನಾಯಿ ತಿಂತು. ಗಂಡು ಒಂದು ಇನ್ನೂ ಬರ್ತಾ ಉಂಟು. ಬಾಯಲ್ಲಿ ಹಣ್ಣು ಹಿಡ್ಕೊಂಡು ಕಡಿದ ಬುಡದಲ್ಲೇ ಕೂತ್ಕೊಳ್ತದೆ. ಹೆದರಿಕೆಯೇ ಇಲ್ಲ. ಈ ಎಣ್ಣೆ ಅಮ್ಮನಿಗೆ ಸಾಕಾಗ್ಲಿಕ್ಕಿಲ್ಲ, ಅದನ್ನೂ ಹೊಡೆಸುವ."

"ಬೇಡ ಯಜಮಾನ್ರೇ. ಬೇಡವೇ ಬೇಡ."

"ನಿಮ್ಮದು ಭಾರೀ ಸಂಕೋಚ. ಕಾಫಿಗೆ ನಾನೂ ಬೇಡ ಅಂದೆನಲ್ಲ, ಕುಡೀಲಿಲ್ವಾ? ಮರ ಬೇಕು ಅಂತ ಬಾಯಿ ಬಿಟ್ಟು ಕೇಳಿದ್ರಾ ನೀವು? ನಾನೇ ಅರ್ಥ ಮಾಡ್ಕೊಂಡದ್ದಲ್ವಾ?"

ಅವರು ಎದ್ದು ಗಾಡಿಯ ಕಡೆ ನಡೆದರು. ನಾನು ಬರಿಗಾಲಲ್ಲಿ ಹಿಂದೆ ಓಡಿ ಅವರ ಕೈ ಹಿಡಿದುಕೊಂಡೆ. ನನ್ನ ಜನ್ಮದಲ್ಲಿ ಒಬ್ಬ ಗಿರಾಕಿಯ ಹತ್ತಿರ ಮೊದಲ ಸಲ ನಿಜ ಹೇಳಿದೆ.

"ನಾನು ನೋಡ್ಲಿಕ್ಕೆ ಬರ್ತಿದ್ದದ್ದು ಮರವನ್ನಲ್ಲ ಯಜಮಾನ್ರೇ. ಆ ಹಕ್ಕಿಯನ್ನು."

ಅವರು ನನ್ನ ಮುಖ ನೋಡಿದರು. ಒಳಗೆ ಗೋಡೆ ಹಿಡಿದು ನಿಂತಿದ್ದ ಅಮ್ಮನನ್ನು ನೋಡಿದರು. ಅವರ ಕಣ್ಣು ಒದ್ದೆಯಾಯಿತು. ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಮ್ಮನ ಮದ್ದಿಗಾಗಿ ಅಷ್ಟು ದೂರ ನಡ್ಕೊಂಡು ಬರ್ತಿದ್ರಾ? ಮೊದಲೇ ಒಂದು ಮಾತು ಹೇಳ್ಬಾರದಾ" ಎಂದರು.

ನಾನು ಮತ್ತೇನೋ ಹೇಳಿದೆ. ಏನು ಹೇಳಿದೆನೋ, ಗಾಡಿಯವನು ಎತ್ತು ತಿರುಗಿಸುವ ಗದ್ದಲದಲ್ಲಿ ಅವರು ಸುಮ್ಮನೆ ತಲೆಯಾಡಿಸುತ್ತ ಹೋದರು. ಸಿದ್ಧಕಟ್ಟೆಗೆ ಅವತ್ತು ಸಂಜೆಯೇ ಹೋಗಿ ತಡೆಯಬೇಕಿತ್ತು. ಆ ಬುಡವನ್ನೂ ಅದರ ಮೇಲೆ ಕೂತದ್ದನ್ನೂ ನೋಡುವ ಧೈರ್ಯ ಬರಲಿಲ್ಲ.

ಬುಧವಾರ ಆಳಿನ ಕೈಯಲ್ಲಿ ಎರಡನೆಯ ಕುಪ್ಪಿ ಬಂತು. ಮೊದಲಿನದಕ್ಕಿಂತ ದೊಡ್ಡದು. ಗಂಡಿನಲ್ಲಿ ಎಣ್ಣೆ ಜಾಸ್ತಿಯಂತೆ.