ಕೈ ಎಟುಕದ ಜಾಗದ ಮುಲಾಮು

ನನ್ನ ಬೆನ್ನಿನಲ್ಲಿ ಒಂದು ಜಾಗವಿದೆ. ಹೆಗಲ ಮೇಲಿಂದ ಕೈ ಹಾಕಿದರೂ ಎಟುಕುವುದಿಲ್ಲ, ಸೊಂಟದ ಕಡೆಯಿಂದ ತಿರುಚಿದರೂ ಎಟುಕುವುದಿಲ್ಲ. ಇಂಥ ಜಾಗ ಎಲ್ಲರ ಬೆನ್ನಲ್ಲೂ ಇರುತ್ತದೆ, ಆದರೆ ಮನೆಯಲ್ಲಿ ಇನ್ನೊಬ್ಬರು ಇರುವವರಿಗೆ ಅದು ಗಮನಕ್ಕೇ ಬರುವುದಿಲ್ಲ. ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಸರ್ಪಸುತ್ತು ಬಂದು ಹೋದ ಮೇಲೆ.

ನಾನು ಮೂರ್ನಾಡಿನ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತವರು. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಮೊದಲೆಲ್ಲ ಒಂದೊಂದು ಕಾರಣ ಕೊಡುತ್ತಿದ್ದೆ, ಈಗ ಕೇಳುವವರೂ ಇಲ್ಲ. ಎರಡು ಭಾಗ ಮಾಡಿದ ಮನೆಯೊಂದರ ಚಿಕ್ಕ ಭಾಗದಲ್ಲಿ ಬಾಡಿಗೆಗಿದ್ದೇನೆ. ದೊಡ್ಡ ಭಾಗದಲ್ಲಿ ಮನೆ ಮಾಲೀಕರ ಸಂಸಾರ. ಆ ಮನೆಯ ಯಜಮಾನಿ ನನಗಿಂತ ಸ್ವಲ್ಪ ದೊಡ್ಡವರು, ಅಕ್ಕ ಎಂದು ಕರೆಯುತ್ತೇನೆ. ನನ್ನೊಡನೆ ಕನ್ನಡ ಮಾತಾಡುತ್ತಾರೆ, ಗಾಬರಿಯಾದರೆ ಮಾತ್ರ ಅವರ ಮನೆಮಾತಾದ ಅರೆಭಾಷೆ ಹೊರಗೆ ಬರುತ್ತದೆ. ಎರಡು ಭಾಗಗಳ ನಡುವೆ ಒಂದು ಬಾಗಿಲಿತ್ತು. ಬಂದ ಹೊಸದರಲ್ಲೇ ಅದಕ್ಕೆ ಚಿಲಕ ಹಾಕಿ, ಸ್ಟೀಲ್ ಬೀರುವನ್ನು ಅಡ್ಡ ನಿಲ್ಲಿಸಿಬಿಟ್ಟೆ. ಯಾರ ಉಸಾಬರಿಯೂ ಬೇಡ ಎನ್ನುವ ಕೊಬ್ಬು, ಬೇರೇನಿಲ್ಲ.

ಸರ್ಪಸುತ್ತಿನ ಗುಳ್ಳೆ ಎದ್ದಾಗ ಸಲಹೆಗಳಿಗೆ ಬರವಿರಲಿಲ್ಲ. ನಾಗನಿಗೆ ಹಾಲೆರೆಯಿರಿ ಎಂದರು ಒಬ್ಬರು, ಕೆಮ್ಮಣ್ಣು ಹಚ್ಚಿ ಎಂದರು ಇನ್ನೊಬ್ಬರು. ಹೇಳಿದವರೆಲ್ಲ ಹೊಸ್ತಿಲಿನಾಚೆ ನಿಂತೇ ಹೇಳಿದರು. ಪಕ್ಕದ ಅಕ್ಕ ಗಂಜಿ ಮಾಡಿ ಮೆಟ್ಟಿಲ ಮೇಲಿಟ್ಟು, ಒಂದು ಕೂಗು ಹಾಕಿ ಹೋಗುತ್ತಿದ್ದರು. ಅವರನ್ನು ದೂರಲಾರೆ, ಮೊಮ್ಮಕ್ಕಳಿರುವ ಮನೆ, ಅಂಟೀತೆಂಬ ಭಯ.

ಗುಳ್ಳೆ ಒಣಗಿತು, ಕಲೆ ಉಳಿಯಿತು, ನೋವು ಮಾತ್ರ ಹೋಗಲಿಲ್ಲ. ರವಿಕೆಯ ಬಟ್ಟೆ ತಾಗಿದರೂ ಕೆಂಡ ತಾಗಿದ ಹಾಗಾಗುತ್ತಿತ್ತು. ತರಗತಿಯಲ್ಲಿ ಕುರ್ಚಿಗೆ ಒರಗುವ ಹಾಗಿಲ್ಲ, ಮನೆಯಲ್ಲಿ ಅಂಗಾತ ಮಲಗುವ ಹಾಗಿಲ್ಲ. ಇದು ನರದ ನೋವು, ನಿಧಾನಕ್ಕೆ ಹೋಗುತ್ತದೆ ಎಂದು ಡಾಕ್ಟರು ಮಾತ್ರೆಯ ಜೊತೆಗೆ ಚರ್ಮ ಮರಗಟ್ಟಿಸುವ ಒಂದು ಮುಲಾಮು ಬರೆದುಕೊಟ್ಟರು. ಹೇಗೆ ಹಚ್ಚಬೇಕೆಂದೂ ಹೇಳಿದರು. ನಾನು ಹೂಂ ಹೂಂ ಎಂದೆ. ಅಂಥ ನೋವಿನಲ್ಲಿ ಮಾತು ಎಲ್ಲಿ ತಲೆಗೆ ಹೋಗುತ್ತದೆ?

ಹಚ್ಚಲು ಕೂತಾಗ ಕಷ್ಟ ತಿಳಿಯಿತು. ಕೈ ಎಟುಕಲಿಲ್ಲ. ದೋಸೆ ಮಗುಚುವ ಸಟ್ಟುಗದಿಂದ ಹಚ್ಚಿ ನೋಡಿದೆ, ಶಾಲೆಯ ಮರದ ಸ್ಕೇಲಿಗೆ ಹತ್ತಿ ಸುತ್ತಿ ನೋಡಿದೆ. ಕನ್ನಡಿಗೆ ಬೆನ್ನು ಹಾಕಿ ಕತ್ತು ತಿರುಚಿ ನಿಂತ ಆ ಭಂಗಿಯನ್ನು ನನ್ನ ತರಗತಿಯ ಮಕ್ಕಳು ನೋಡಿದ್ದರೆ ಇಡೀ ವರ್ಷ ನಗುತ್ತಿದ್ದರು. ಮುಲಾಮು ಅರ್ಧ ಜಡೆಗೆ, ಅರ್ಧ ರವಿಕೆಗೆ. ಎಲ್ಲಾದರೂ ಒಂದಿಷ್ಟು ಸರಿಯಾದ ಕಡೆ ತಾಗಿದರೆ ಆ ಜಾಗ ತಣ್ಣಗಾಗುತ್ತಿತ್ತು, ಪಕ್ಕದಲ್ಲೇ ಉರಿ ಹಾಗೇ ಇರುತ್ತಿತ್ತು. ಗೋಡೆಯಾಚೆ ಅವರ ಮನೆಯಲ್ಲಿ ಪಾತ್ರೆಯ ಸದ್ದು, ಬೈಗುಳ, ನಗು. ಹೋಗಿ ಕೇಳಬಹುದಿತ್ತು. ಬೆನ್ನು ಬಿಚ್ಚಿ ‘ಸ್ವಲ್ಪ ಹಚ್ಚಿಕೊಡಿ’ ಎನ್ನಲು ನಾಲಗೆ ಏಳಲಿಲ್ಲ.

ಆಮೇಲೆ ಒಂದು ಉಪಾಯ ಹೊಳೆಯಿತು. ಮಳೆಯಲ್ಲಿ ತೋಟಕ್ಕೆ ಹೋಗುವ ಹೆಂಗಸರು ಬೆನ್ನಿಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಾರೆ. ನಾನೂ ಒಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಮುಲಾಮು ಸವರಿ, ಮಂಚದ ಮೇಲೆ ಹಾಸಿ ಅದರ ಮೇಲೆ ಮಲಗಿದೆ. ಹಳೆಯ ಸೀರೆಯ ಪಟ್ಟಿಯಿಂದ ಬಿಗಿದೂ ಕಟ್ಟಿದೆ. ಗೆದ್ದೆ ಅನ್ನಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇಲ್ಲಿಯವರು ಕಕ್ಕಡ ಎನ್ನುವ ಆಷಾಢದ ಮಳೆ, ಭಾನುವಾರದ ಮಧ್ಯಾಹ್ನ, ಮೈಯೆಲ್ಲ ಥಂಡಿ. ನಮ್ಮಲ್ಲಿ ಮಳೆಗಾಲ ಅಂದರೆ ಬಚ್ಚಲ ಒಲೆಗೆ ಬೆನ್ನು ಕೊಟ್ಟು ಕೂರುವುದು, ಬೆನ್ನುನೋವಿಗೆ ಮೊದಲ ಮದ್ದೂ ಅದೇ. ಹಂಡೆಯ ಕೆಳಗೆ ಕಾಫಿ ಗಿಡದ ಸೌದೆ ತುರುಕಿ, ಕಟ್ಟಿದ ಪಟ್ಟಿ ಬಿಚ್ಚದೆಯೇ ಮಣೆ ಹಾಕಿಕೊಂಡು ಕೂತೆ. ಎಷ್ಟು ಹತ್ತಿರ ಸರಿದರೂ ಬಿಸಿಯೇ ಹತ್ತಲಿಲ್ಲ. ಬೆನ್ನು ಮರಗಟ್ಟಿದೆ, ಬಿಸಿ ಎಲ್ಲಿಂದ ತಿಳಿಯಬೇಕು?

ಮೊದಲು ತುಟಿ ಜುಮ್ಮೆಂದಿತು. ಆಮೇಲೆ ನಾಲಗೆ. ಬಾಯಲ್ಲಿ ನಾಣ್ಯ ಚೀಪಿದಂಥ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಏಳಲು ಹೋದೆ, ಬಚ್ಚಲೇ ತಿರುಗಿತು. ಪಟ್ಟಿ ಕಿತ್ತು ಪ್ಲಾಸ್ಟಿಕ್ ಎಸೆದು, ಗೋಡೆ ಹಿಡಿದುಕೊಂಡು ಒಳಗೆ ಬಂದೆ. ಇಲ್ಲಿ ಬಿದ್ದರೆ ನಾಳೆ ಶಾಲೆಗೆ ಬರಲಿಲ್ಲ ಎಂದು ಹುಡುಕುವವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದು ಭಯವಾಯಿತು. ಜೀವನದಲ್ಲಿ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಎರಡೂ ಕೈಯಿಂದ ಬೀರುವನ್ನು ಬಡಿದೆ.

ಅಕ್ಕ ಮಳೆಯಲ್ಲೇ ಮನೆ ಸುತ್ತಿ ಮುಂದಿನ ಬಾಗಿಲಿಗೆ ಓಡಿ ಬಂದರು. “ಎಂತಾತ್ ಟೀಚರೆ?” ನನ್ನಿಂದ ಅರ್ಧ ಮಾತು ಹೊರಟಿತು, ಉಳಿದದ್ದನ್ನು ಬೆನ್ನು ನೋಡಿ ಅವರೇ ತಿಳಿದುಕೊಂಡರು. ಸೋಪು ಹಾಕಿ ಮುಲಾಮು ತೊಳೆದರು, ಶಾಲು ಹೊದಿಸಿದರು, ಆಟೋ ಕರೆಸಿ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಎದೆಗೆ ವಯರು ಅಂಟಿಸಿ ಮಲಗಿಸಿದರು. ಸಂಜೆ ಹೊತ್ತಿಗೆ ತಲೆ ಸುತ್ತು ನಿಂತಿತು. ಆಮೇಲೆ ಡಾಕ್ಟರ ಬೈಗುಳ ಶುರುವಾಯಿತು.

“ಚರ್ಮದ ಮೇಲೆ ಹಚ್ಚುವ ಔಷಧಿ ಒಳಗೆ ಹೋಗೋದಿಲ್ಲ ಅಂದ್ಕೊಂಡ್ರಾ? ಅಷ್ಟು ದಪ್ಪಕ್ಕೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಮೇಲಿಂದ ಬೆಂಕಿ ಕಾಯಿಸಿದ್ರೆ ಸೀದಾ ರಕ್ತಕ್ಕೆ ಇಳಿಯುತ್ತೆ. ಫಿಟ್ಸ್ ಬರಬಹುದಿತ್ತು, ಹೃದಯದ ಬಡಿತ ಹೆಚ್ಚುಕಮ್ಮಿ ಆಗಬಹುದಿತ್ತು. ಬೆನ್ನು ಸುಟ್ಟು ಹೋದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ.” ಹೇಳಿದಷ್ಟು ಜಾಗಕ್ಕೆ, ಹೇಳಿದಷ್ಟೇ ಸಲ, ತೆಳ್ಳಗೆ ಹಚ್ಚಬೇಕು. ಗಾಯವಿದ್ದರೆ ಹಚ್ಚಬಾರದು. ಹೇಳಿದ ಹೊತ್ತಿಗೆ ಒರೆಸಿಬಿಡಬೇಕು. ಹಚ್ಚಿದವರು ಕೈ ತೊಳೆಯಬೇಕು, ಕಣ್ಣಿಗೆ ತಾಗಿಸಬಾರದು, ಟ್ಯೂಬು ಮಕ್ಕಳ ಕೈಗೆ ಸಿಗಬಾರದು. ಈ ಸಲ ಒಂದೊಂದು ಮಾತೂ ತಲೆಗೆ ಹೋಯಿತು.

“ಹಚ್ಚಲಿಕ್ಕೆ ಮನೇಲಿ ಯಾರಿದ್ದಾರೆ?”

“ಇದ್ದಾರೆ” ಎಂದೆ.

“ಯಾರು?”

ಸುಳ್ಳಿಗೆ ಹೆಸರು ಹುಡುಕುತ್ತಿದ್ದೆ. ಕಾಲ ಬಳಿ ನನ್ನ ಒದ್ದೆ ಶಾಲು ಹಿಂಡುತ್ತಿದ್ದ ಅಕ್ಕ ತಲೆ ಎತ್ತದೆ “ನಾನೇ” ಎಂದರು.

ಮಾರನೆಯ ದಿನ ಇಬ್ಬರೂ ಸೇರಿ ಬೀರುವನ್ನು ಪಕ್ಕಕ್ಕೆ ಎಳೆದೆವು. ಆಮೇಲೆ ಸಂಜೆ ಸಂಜೆ ಆ ಬಾಗಿಲಿನಿಂದ ಅವರು ಬರುತ್ತಿದ್ದರು. ಎಣ್ಣೆ ಕಾಣದ ಒಗ್ಗರಣೆ ಮಾಡುತ್ತೀರಿ ಎಂದು ನನ್ನ ಅಡುಗೆಗೆ ಹೆಸರಿಡುವುದು, ಗಂಡನ ಗೊರಕೆಯನ್ನು ದೂರುವುದು, ಒಟ್ಟಿನಲ್ಲಿ ಬಾಯಿಗೆ ಬಿಡುವಿಲ್ಲ. ಕೈ ಮಾತ್ರ ಬಲು ಮೆತ್ತಗೆ. ಆದರೂ ಹಚ್ಚುವಾಗ ಆ ಬೆರಳು ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಸೆರಗು ಕಚ್ಚಿಕೊಂಡು ಕೂರುತ್ತಿದ್ದೆ. ಹೊತ್ತಾದ ಮೇಲೆ ಮತ್ತೆ ಬಂದು ಒದ್ದೆ ಬಟ್ಟೆಯಿಂದ ಒರೆಸುವಾಗ ಏನೂ ತಿಳಿಯುತ್ತಿರಲಿಲ್ಲ. ಬಳೆಯ ಸದ್ದು ಕೇಳಿ, ಕೈ ಬೆನ್ನ ಮೇಲಿದೆ ಎಂದು ಅಂದಾಜು ಮಾಡಬೇಕು.

ಅಮ್ಮ ಹೋದ ಮೇಲೆ ನನ್ನ ಮೈ ಮುಟ್ಟಿದವರು ಯಾರೂ ಇರಲಿಲ್ಲ. ಈಗ ಒಬ್ಬರು ದಿನವೂ ಮುಟ್ಟುತ್ತಿದ್ದಾರೆ, ಮುಟ್ಟಿದರೆ ಒಂದೋ ಉರಿ, ಇಲ್ಲವೇ ಏನೂ ಇಲ್ಲ. ಅವರು ಆಚೆ ಹೋದ ಮೇಲೆ ಕೆಲವು ಸಲ ಅತ್ತಿದ್ದೇನೆ. ಅದು ನೋವಿಗಲ್ಲ.

ಕಾಫಿ ಹಣ್ಣಾಗುವ ಹೊತ್ತಿಗೆ ನರ ತಣ್ಣಗಾಗುತ್ತಾ ಬಂತು. ಮುಲಾಮು ನಿಲ್ಲಿಸಿ ನೋಡಿ, ನೋವಿಲ್ಲದಿದ್ದರೆ ಇನ್ನು ಬೇಡ ಎಂದರು ಡಾಕ್ಟರು. ಮರುದಿನ ಅಕ್ಕ ಟ್ಯೂಬು ಮುಟ್ಟಲಿಲ್ಲ. ಕೈ ಒರೆಸಿಕೊಂಡು ಬಂದು, ನನ್ನ ಹಿಂದೆ ಕೂತು, ಆ ಜಾಗದ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಸ್ವಲ್ಪ ಒರಟು, ಬೆರಳ ಸಂದಿಯಲ್ಲಿ ಇನ್ನೂ ನೀರಿನ ಪಸೆ. ಬಳೆಯ ಸದ್ದು ಕೇಳಿ ತಿಳಿಯಬೇಕಾಗಿರಲಿಲ್ಲ.

“ನೋವು ಉಟ್ಟಾ?” ನೋವು ಉಂಟಾ ಎಂದು ಕೇಳಿದರು, ಅವರ ಭಾಷೆಯಲ್ಲೇ.

ಉತ್ತರ ಹೇಳುವವರೆಗೆ ಅವರು ಕೈ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ‘ಇಲ್ಲ’ ಎನ್ನಲು ನಾನು ಸ್ವಲ್ಪ ಹೊತ್ತು ತೆಗೆದುಕೊಂಡೆ.