ಒಂಬತ್ತು ದಿನ ಬಿಚ್ಚಬಾರದ ಕಟ್ಟು

ಬನಶಂಕರಿ ತಾಯಿಯ ಒಕ್ಕಲಿನವರೇ, ಈ ಸಲ ಯುಗಾದಿ ಮುಗಿದ ವಾರ ನಾನು ಏಣಿಯಿಂದ ಬಿದ್ದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ತೆಗೆದುಕೊಂಡು ಇಳಿಯುವಾಗ ಮೆಟ್ಟಿಲು ಮುರಿಯಿತು, ಬಲಗಾಲಿನ ಹಿಮ್ಮಡ ಫರ್ಶಿಕಲ್ಲಿಗೆ ಬಡಿಯಿತು. ಗಜೇಂದ್ರಗಡದಲ್ಲಿ ನಮ್ಮದು ಕುಣಿಮಗ್ಗದ ಮನೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿದರೆ ಮಾತ್ರ ಸೀರೆ ಮುಂದುವರಿಯುತ್ತದೆ. ಹದಿನೆಂಟು ವರ್ಷದಿಂದ ತುಳಿಯುತ್ತಿರುವವಳು ನಾನೇ. ಆ ಕಾಲು ಹೋದರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

ಅತ್ತೆ ರೋಣದ ಕಡೆಯಿಂದ ಎಲುಬು ಕೂಡಿಸುವ ಅಜ್ಜನನ್ನು ಕರೆಸಿದರು. ಆತ ಸೊಪ್ಪು ಅರೆದು, ತತ್ತಿಯ ಲೋಳೆ ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿದ. "ಒಂಬತ್ತ ದಿನಾ ಬಿಚ್ಚಬ್ಯಾಡ್ರಿ" ಅಂದ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ತಾಯಿಯ ಹೆಸರಿನಲ್ಲಿ ಭಂಡಾರದ ಅರಿಸಿನ ಹಚ್ಚಿದ ನೂಲನ್ನು ಆ ಕಟ್ಟಿನ ಮೇಲೆಯೇ ಸುತ್ತಿ ಹರಕೆ ಹೊತ್ತರು. ನಮ್ಮ ಮನೆತನದಲ್ಲಿ ತಾಯಿಯ ನೂಲನ್ನು ಹರಕೆ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಸರಿ, ನನ್ನ ಕಾಲಿಗೆ ಬೀಗ ಬಿತ್ತು!

ಎರಡನೇ ದಿನಕ್ಕೇ ಕಾಲು ಕಟ್ಟಿನೊಳಗೆ ಬಾತು ಸಿಡಿಯತೊಡಗಿತು. ನಮ್ಮ ಯಜಮಾನರಿಗೆ ಹೇಳಿದರೆ, "ಅವ್ವನ್ನ ಕೇಳು." ಅತ್ತೆಯನ್ನು ಕೇಳಿದರೆ, "ತಾಯಿ ನೋಡ್ಕೋತಾಳ, ಸುಮ್ನ ಮಲ್ಕೋ." ಬಚ್ಚಲಿಗೆ ಹೋಗಬೇಕಾದರೂ ಅತ್ತೆಯ ಹೆಗಲೇ ಬೇಕು. ಹಾಸಿಗೆಯ ಎದುರಿಗೇ ಮಗ್ಗ, ಅದರಲ್ಲಿ ತಾಯಿಗೆ ಉಡಿಸಲೆಂದು ಅರ್ಧ ನೇಯ್ದ ಸೀರೆ. ಅಳುವುದಕ್ಕೂ ಬೇರೆ ಕೋಣೆ ಇರಲಿಲ್ಲ. ನಾನೇನು ಬಾಯಿ ಮುಚ್ಚಿಕೊಂಡಿರುವವಳಲ್ಲ. ಐದನೇ ದಿನ ದೇವರ ಜಗಲಿಯ ಕಡೆ ತಿರುಗಿ ದೇವಿಗೇ ಬೈದೆ: "ನಿನಗ ಸೀರಿ ನೇಯಾಕ ನಾ ಬೇಕು, ನನ್ನ ಕಾಲ ನೋಡಾಕ ನೀ ಒಲ್ಲೆ ಅಂತೀ! ಕಣ್ಣ ಮುಚ್ಕೊಂಡ ಕುಂತೀಯೇನ?" ಅತ್ತೆ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಎಂದಿನಂತೆ ಚಹಾ ತಂದ ಅತ್ತೆ ನನ್ನ ಕಾಲ್ಬೆರಳು ಮುಟ್ಟಿ ನೋಡಿದರು. ಬೆರಳು ನೀಲಿಗಟ್ಟಿ ತಣ್ಣಗಾಗಿದ್ದವು. ಬಟ್ಟಲು ಅಲ್ಲೇ ಇಟ್ಟು, ಜಗಲಿಗೆ ಕೈಮುಗಿದು ಬಂದು, ನೂಲನ್ನು ಮೆಲ್ಲಗೆ ಬಿಚ್ಚಿ ತಮ್ಮ ಮುಂಗೈಗೆ ಕಟ್ಟಿಕೊಂಡರು. "ತಪ್ಪಾದ್ರ ನನ್ನ ಮ್ಯಾಲ ಹಾಕವಾ ತಾಯಿ, ಇಕೀನ್ನ ಬಿಟ್ಟಬಿಡು" ಅಂದವರೇ ಮಗ್ಗದ ಕತ್ತರಿಯಿಂದ ಕಟ್ಟನ್ನು ಕತ್ತರಿಸಿ ಒಗೆದರು. ಒಳಗೆ ಕಾಲ ತುಂಬ ನೀರಿನ ಬೊಬ್ಬೆಗಳು. ಇಷ್ಟು ವರ್ಷ ನಾನು ಹೆದರುತ್ತಿದ್ದ ಹೆಂಗಸು ನನ್ನ ಪಾದ ಹಿಡಿದುಕೊಂಡು ಅತ್ತರು.

ಅಂದೇ ರೋಣದ ಮೇಲೆ ಹಾಯುವ ಬಸ್ಸಿನಲ್ಲಿ, ಅತ್ತೆಯ ತೊಡೆಯ ಮೇಲೆ ಕಾಲಿಟ್ಟು, ಗದಗಿನ ದವಾಖಾನೆಗೆ ಹೋದೆವು. ಡಾಕ್ಟರು ಬೈದರು: "ಇನ್ನೆರಡ ದಿನಾ ಬಿಟ್ಟಿದ್ರ ಬೆರಳಽ ಹೋಗ್ತಿದ್ದುವು." ಎಕ್ಸರೇಯಲ್ಲಿ ಹಿಮ್ಮಡದ ಎಲುಬು ಚಪ್ಪಟೆಯಾಗಿ ಒಡೆದಿತ್ತು. "ಚರ್ಮ ಹಿಂಗಾದಮ್ಯಾಲ ದೊಡ್ಡದಾಗಿ ಕೊಯ್ಯಾಕ ಬರೂದಿಲ್ಲ, ಗಾಯ ಮಾಯೂದಿಲ್ಲ" ಅಂದಾಗ ನಾನು ಅತ್ತೆಯ ಕೈ ಹಿಡಿದುಕೊಂಡೆ. ಆಮೇಲೆ ಡಾಕ್ಟರೇ ಹೇಳಿದರು: "ಚರ್ಮ ಚಲೋ ಇದ್ದ ಕಡೆ ಸಣ್ಣ ಸಣ್ಣ ತೂತ ಹಾಕಿ, ಎಕ್ಸರೇದಾಗ ನೋಡಕೋತ ಎಲಬು ಎತ್ತಿ ಸ್ಕ್ರೂ ಕೂಡಸತೀನಿ. ಈಗರ ಬಂದೀರಿ, ಆಗತೈತಿ. ಇನ್ನೂ ತಡಾ ಮಾಡಿದ್ದರ ಎಲಬು ಹಂಗಽ ಸೊಟ್ಟ ಕೂಡತಿತ್ತು."

ಮೂರನೇ ದಿನ ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳು ಕಾಲು ನೆಲಕ್ಕೆ ಊರಲಿಲ್ಲ. ಮತ್ತೆ ಅದೇ ಮೂಲೆ, ಅದೇ ಹೆಗಲು. ಮುಂದೆ ತುಳಿಯಲು ಬರುತ್ತದೋ ಇಲ್ಲವೋ ಎಂಬ ಪುಕುಪುಕು ಒಂದು ದಿನವೂ ಬಿಡಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಕುಣಿಯಲ್ಲಿ ಕಾಲು ಇಳಿಬಿಟ್ಟೆ. ಅತ್ತೆ ಪಕ್ಕದಲ್ಲೇ ಕುಳಿತು "ಸಾವಕಾಶ, ಸಾವಕಾಶ" ಅನ್ನುತ್ತಿದ್ದರು. ಹಲಗೆ ತುಳಿದೆ. ನೋವಾಯಿತು, ಆದರೆ ಹಿಮ್ಮಡ ತಡೆಯಿತು. ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಟ್ಟವು, ನಡುವೆ ಲಾಳಿ ಓಡಿತು.

ಆ ದಿನಗಳಲ್ಲಿ ತಾಯಿಯನ್ನು ಎಷ್ಟು ಕರೆದೆ, ಎಷ್ಟು ಬೈದೆ! ಆಕೆ ಮನೆಯಲ್ಲೇ ಇದ್ದಳು, ದಿನಾ ಬೆಳಿಗ್ಗೆ ಚಹಾ ತರುತ್ತಿದ್ದಳು. ನನಗೇ ಗುರುತು ಸಿಗಲಿಲ್ಲ. ಹೊಟ್ಟೆಗೆ ಹಾಕಿಕೋ, ನಮ್ಮವ್ವಾ.